ಸೀಲ್ ಒಡೆಯದ ಕ್ಯಾಸೆಟ್

ವಾಸ್ಕೋ ಬಂದರಕ್ಕ ಮೊಟ್ಟಮೊದಲ ವಿಡಿಯೋ ಮಷಿನ್ ಬಂತಲ್ಲ, ಹಡಗಿನಿಂದ ಅದನ್ನ ಇಳಿಸಿದಾವ ನಾನಽ. ಒಂದಽ ಹೆಗಲಿನ ಮ್ಯಾಲ ಹೊತ್ತು, ಬಾಯಾಗ ಬೀಡಿ ಇಟ್ಕೊಂಡು. ನೋಡಿದವ್ರು ಮೂರು ಮಂದಿ ಇದ್ರು. ಮೂವರೂ ಮಣ್ಣಾಗ್ಯಾರ. ಬೇಕಂದ್ರ ಹೋಗಿ ಕೇಳಿ ಬರ್ರಿ!

ಹಂಗಾಗಿ ಕ್ಯಾಸೆಟ್ಟಿನ ಮಾತು ನನಗ ಕಲಿಸಾಕ ಬರಬ್ಯಾಡ್ರಿ. ಈಗ ಹೇಳೋದು ಖರೇ ನಡದದ್ದು. ನನ್ನ ತಂಗಿ ಮಗ ಕೇಶಪ್ಪಗ, ಇಲ್ಲೇ ಕೊರ್ತಾಲಿಮ್‌ದಾಗ, ಹೋದ ಮಳಿಗಾಲಕ್ಕ.

ಕೇಶಪ್ಪ ಹಗಲೆಲ್ಲ ಸೆಂಟ್ರಿಂಗ್ ಕೆಲಸ ಮಾಡಾವ, ಸಂಜಿಕಿ ಗುಜರಿ ಅಂಗಡಿ ಸುತ್ತಾವ. ಹಾಡಿನ ಸಿನಿಮಾದ ಹಳೇ ವಿಡಿಯೋ ಕ್ಯಾಸೆಟ್ ಕೂಡಿಸೋ ಹುಚ್ಚು. ಅದೂ ಮೊದಲನೇ ಸಲ ಮಾರಾಟಕ್ಕ ಬಂದದ್ದಽ ಆಗಬೇಕು. ಮಂದಿ ಮೊಬೈಲಿನಾಗ ನೋಡೋ ಕಾಲದಾಗ ಇವ ಕಬ್ಬಿಣದ ಕಪಾಟು ತುಂಬಿದ್ದ. ಅದರಾಗ ಒಂದು... ಗೋವಾದಾಗ ತಗದ ಸಿನಿಮಾದ್ದು. ಮ್ಯಾಲಿನ ತೆಳ್ಳಾನ ಪ್ಲಾಸ್ಟಿಕ್ ಸೀಲ್ ಸೈತ ಒಡದಿರಲಿಲ್ಲ. ಆ ಸಿನಿಮಾ ಮೊಬೈಲಿನಾಗೂ ಸಿಗಂಗಿಲ್ಲ, ಉಳದ ಕ್ಯಾಸೆಟ್ ಇದೊಂದಽ ಅಂತಿದ್ದ.

ಬಾಜೂ ಖೋಲಿ ಮುದುಕಿ ಮಕ್ತುಮಬಿಯ ಗಂಡ ರಾಜಮಹ್ಮದ ಆ ಸಿನಿಮಾದ ಒಂದು ಹಾಡಿನಾಗ, ಮಾರಿ ಕಾಣೋಹಂಗ ಚಾಪಿ ಮ್ಯಾಲ ಕುಂತು ಡೋಲಕ್ ಬಾರಿಸಿದ್ದ. ಮುಂದ ಬಂದರದ ಕೆಲಸದಾಗ ಸತ್ತ. ಮುದುಕಿ ಹಂತೇಕ ಅವಂದೊಂದು ಫೋಟೋನೂ ಇರಲಿಲ್ಲ.

"ಕೇಶಪ್ಪಾ, ಒಂದಽ ಸಲ ಹಾಕಿ ತೋರಸಪಾ. ಅವರ ಮಾರಿ ಮರ್ತು ಹೊಂಟೈತಿ."

"ಸೀಲ್ ಒಡದ್ರ ಅದರ ಕಿಮ್ಮತ್ತು ಹೋಗತೈತಿ, ಖಾಲಾ."

"ನಾ ಸತ್ತ ಮ್ಯಾಲರ ಒಡೀತಿಯೇನು?"

"ಆಗೂ ಇಲ್ಲ," ಅಂದು ನಕ್ಕ.

ಮುದುಕಿ ನೋಡದಽ ಸತ್ತಳು.

ಆಕಿ ಮಣ್ಣು ಮುಗಿಸಿ ಕೇಶಪ್ಪ ರಾತ್ರಿ ಒಬ್ಬನಽ ಬರಾಕತ್ತಿದ್ದ. ಆಲದ ಗಿಡದ ಬುಡಕ ಹಾಳಬಾವಿ ಐತಲ್ಲ... ಅಲ್ಲಿ ಕೇಳಿಸ್ತು. ಧಿಂ... ಧಿಂ... ಬೆರಳಿಲೆ ಡೋಲಕ್ಕಿನ ಹದ ನೋಡಿದಂಗ. ನಿಂತ. ಅದೂ ನಿಂತಿತು. ನಡದ... ಧಿಂ.

ಓಡಿ ಬಂದು ಬಾಗಿಲಾ ಹಾಕಿದ. ಕರೆಂಟ್ ಇಲ್ಲ. ಕೀಲಿ ಹಾಕಿದ ಕಪಾಟಿನೊಳಗ... ಸರ್ರ್ರ್... ಸರ್ರ್ರ್... ರೀಲ್ ತಿರಗೋ ಸಪ್ಪಳ. ಕಿವಿ ಹಚ್ಚಿದ. ಒಳಗ ಮುದುಕಿ ಪಿಸುದನಿ.

"ಹಾಂ... ಇವರಽ. ಇವರಽ ನಮ್ಮನಿಯವ್ರು."

ಆಮ್ಯಾಲೆ... ಟಕ್. ರೀಲ್ ಮುಗದದ್ದು.

ಬೆಳಕ ಹರದ ಮ್ಯಾಲೆ ಕೀಲಿ ತಗದ. ಸೀಲ್ ಇದ್ದಂಗ ಐತಿ. ಆದ್ರ ಪ್ಲಾಸ್ಟಿಕ್ಕಿನೊಳಗ ಕ್ಯಾಸೆಟ್ಟಿನ ಕಿಂಡಿ ಕಾಣತಾವಲ್ಲ... ಎಡಕಿದ್ದ ರೀಲ್ ಪೂರಾ ಬಲಕ ಸುತ್ತಿತ್ತು. ಯಾರೋ ಕಡೀತನಕ ನೋಡಿ ಇಟ್ಟಂಗ.

ಅವತ್ತಿನಿಂದ ಕೇಶಪ್ಪ ಕೆಲಸಕ್ಕ ಹೋಗಿಲ್ಲ. ಕಪಾಟಿನ ಮುಂದ ಕುಂತಾನ. ಬೆರಳು ತಾವಽ ನೆಲಾ ಬಡೀತಾವ... ಧಿಂ, ಧಿಂ. ಹೆಂಡ್ತಿ ಕೈ ಹಿಡದ್ರೂ ನಿಂದ್ರಂಗಿಲ್ಲ. ಉಗುರಾಗ ರಕ್ತ.

ಆ ಸಿನಿಮಾದಾಗ ಈಗ ಡೋಲಕ್ ಕೇಳತೈತಿ... ಚಾಪಿ ಖಾಲಿ. ಮುದುಕಿ ಗಂಡನ್ನ ಕರಕೊಂಡು ಹೋಗ್ಯಾಳ. ಸುಳ್ಳಲ್ಲ! ಸೀಲ್ ಇವತ್ತಿಗೂ ಒಡದಿಲ್ಲ, ಬರ್ರಿ, ಕಣ್ಣಾರೆ ತೋರಸ್ತೀನಿ.

ಕತಿ ಕೇಳಾಕ ಕುಂತ ಹುಡುಗರಾಗ, ಮೂಲ್ಯಾಗಿದ್ದ ಸಣ್ಣ ಹುಡುಗಿ ಆರ್ಜೂ ಚಾದರದಾಗಿಂದ ಮಾರಿ ಹೊರಗ ಹಾಕಿದ್ಲು.

"ಅಜ್ಜಾ, ಸೀಲ್ ಒಡದಿಲ್ಲ ಅಂದ್ರ... ಚಾಪಿ ಖಾಲಿ ಐತಂತ ನೋಡಿದವ್ರ್ಯಾರು?"

ಮಷಿನ್ ಹೊತ್ತ ಹೆಗಲನ್ನಽ ಒಂದೀಟು ಏರಿಸಿ ಇಳಿಸಿದೆ.