ಕೆಡಿಸಿದ್ದು ಯಾರು

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ರಾಧಾಮಣಿಗೆ ಪಕ್ಕದ ಗಂಡಹೆಂಡಿರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಟವೆಲ್ ಸುತ್ತಿದ ಕಂಪ್ಯೂಟರ್ ಡಬ್ಬ ಗಂಡನ ತೊಡೆಯ ಮೇಲಿತ್ತು.

“ವರ್ಚುಯಲೈಸೇಷನ್ ಅನ್ನೋ ಒಂದು ಸೆಟಿಂಗ್ ಆಫ್ ಆಗಿದೆ ಅಂತ ಎರರ್ ಬಂದಿತ್ತು ಅಷ್ಟೇ. ನಾನೇ ನೋಡ್ಕೊತೀನಿ ಅಂದಿರಲಿಲ್ವಾ?”

“ಸರಿ ಮಾಡಣ ಅಂತ್ಲೇ ಕೈ ಹಾಕಿದ್ದು ಕಣೇ ಶಿರೀಷಾ. ವಿಡಿಯೋ ನೋಡ್ಕೊಂಡು ಆನ್ ಮಾಡ್ದೆ.”

“ಅದೊಂದಕ್ಕೆ ಡಿಸ್‌ಪ್ಲೇ ಹೋಗಲ್ಲ. ಇನ್ನೇನು ಮುಟ್ಟಿದ್ರಿ?”

ಗಂಡ ತಲೆ ತಗ್ಗಿಸಿದ. “ಗ್ರಾಫಿಕ್ಸ್ ಅಂತ ಇನ್ನೊಂದು ಸೆಟಿಂಗ್ ಇತ್ತು. ಅದನ್ನೂ ಬದಲಾಯಿಸ್ದೆ.”

“ಸ್ಕ್ರೀನ್ ಕಪ್ಪಾದ ಮೇಲೆ ಮಾವನ ಹತ್ರ ನನ್ನ ಹೆಸರು ಹೇಳಿದ್ರಿ!”

“ಅಪ್ಪ ಬೈತಾರೆ ಅಂತ...”

“ಅದಕ್ಕೆ ನನಗೆ ಬೈಸಿದ್ರಾ? ಇನ್ಮೇಲೆ ಕಂಪ್ಯೂಟರ್ ಮುಟ್ಟಬೇಡ ಅಂದ್ರು ಅವ್ರು. ನಾಳೆ ಇದ್ರಲ್ಲೇ ನನ್ನ ಕೆಲಸದ ಟೆಸ್ಟ್ ಐತೆ. ನಿಮ್ಮಪ್ಪಂಗೆ ಫೋನ್ ಮಾಡಿ ನಿಜ ಹೇಳಿ, ಈಗ್ಲೇ.”

“ಇಲ್ಲೇನಾ? ಜನ ಕೇಳಿಸ್ಕೊತಾರೆ.”

“ನನ್ನ ಬೈದಿದ್ದು ಬೀದಿಗೆಲ್ಲ ಕೇಳಿಸ್ತಲ್ಲ!”

ಚಿಂತಾಮಣಿ ಬಸ್ಸು ಬಂದು ನಿಂತಿತು. ಶಿರೀಷಾ ಎದ್ದಳು, ಆದರೆ ಹತ್ತಲಿಲ್ಲ. ಗಂಡ ಫೋನ್ ತೆಗೆದ.

“ಅಪ್ಪಾ, ಕಂಪ್ಯೂಟರ್ ಕೆಡಿಸಿದ್ದು ಶಿರೀಷಾ ಅಲ್ಲ. ನಾನು.”

ಆ ಕಡೆಯ ಕೂಗು ರಾಧಾಮಣಿಗೂ ಕೇಳಿಸಿತು. ಶಿರೀಷಾ ಗಂಡನ ತೊಡೆಯಿಂದ ಡಬ್ಬ ಎತ್ತಿಕೊಂಡಳು.

“ಪೂರ್ತಿ ಕೇಳಿಸ್ಕೊಳ್ಳಿ. ರಿಪೇರಿ ನಾನು ಮಾಡಿಸ್ಕೊಂಡು ಬರ್ತೀನಿ,” ಎಂದವಳೇ ಒಬ್ಬಳೇ ಬಸ್ಸು ಹತ್ತಿದಳು.