ಎರಡನೇ ಕೇಕು

ಜರ್ಮನಿಯ ವೈಮಾರಿನಲ್ಲೇ ಹುಟ್ಟಿ ಬೆಳೆದ ಲುಟ್ಸ್, ಬೆಟ್ಟದ ಮೇಲೆ ನಾಜಿಗಳು ನಡೆಸಿದ್ದ ಬುಖೆನ್‌ವಾಲ್ಡ್ ಯಾತನಾ ಶಿಬಿರದ ಸ್ಮಾರಕಕ್ಕೆ ಮೊದಲ ಸಲ ಹೊರಟು ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಊರಿನ ಇಬ್ಬರು ಅಜ್ಜಿಯರು ಮಾತಾಡುತ್ತಿದ್ದರು.

“ನೆಂಟರು ಬಂದಾಗಲೆಲ್ಲ ಕವಿಗಳ ಮನೆ ತೋರಿಸ್ದೆ ಕಣೇ ವಾಲ್ಟ್ರೌಟ್. ಬೆಟ್ಟಕ್ಕೆ ಮಾತ್ರ ಹೊತ್ತೇ ಸಾಲ್ತಿರ್ಲಿಲ್ಲ.”

“ಹೇಗೆ ಸಾಲತ್ತೆ ಗೆರ್ಲಿಂಡ್? ಬೇಡ ಅಂದ್ರೂ ಎರಡನೇ ಕೇಕು ತರಿಸ್ತಿದ್ದೋಳು ನೀನೇ ತಾನೆ?”

“ನಾನೇ. ಆ ನೆಪವೆಲ್ಲ ನೋಡು, ಸೊಂಟದಲ್ಲೇ ಕೂತಿದೆ.”

“ನಿಮ್ಮಪ್ಪನೂ ಅಷ್ಟೇ. ‘ಮೇಲೆ ಏನ್ ನಡೀತಿತ್ತೋ, ನಮಗೇನ್ ಗೊತ್ತು’ ಅಂತಿದ್ರು.”

“ಅಡುಗೆಮನೆ ಕಿಟಕೀಲೇ ಬೆಟ್ಟ ಕಾಣ್ತಿತ್ತು. ಅಪ್ಪನ್ನ ಬೈದೆ. ಆಮೇಲೆ ಅದೇ ಕಿಟಕಿಗೆ ಹೂವಿನ ಪರದೆ ಹೊಲಿದು ಹಾಕ್ದೆ.”

ಬೆಟ್ಟದ ಬಸ್ಸು ಬಂತು.

“ವಾಲ್ಟ್ರೌಟ್, ನನ್ನ ಮೊಣಕಾಲು…”

“ಕೇಕಿನಂಗಡಿಗೆ ಓಡುತ್ತಲ್ಲ, ಅದೇ ಮೊಣಕಾಲು ತಾನೆ? ಹತ್ತೇ!”

ಇಬ್ಬರೂ ಹತ್ತಿ ಹೋದರು. ಲುಟ್ಸ್‌ಗೆ ಇದ್ದಕ್ಕಿದ್ದಂತೆ ಹಸಿವಾಯಿತು. ಮುಂದಿನ ಬಸ್ಸಿಗೆ ಹೋದರಾಯಿತೆಂದು ಕೇಕಿನಂಗಡಿಯತ್ತ ತಿರುಗಿದ.