ಡಾಕ್ಟರಮ್ಮನ ಹೊಲಿಗೆ

…ಅದನ್ನೇ ನಾನೂ ಕೇಳ್ತಿರೋದು, ಡಾಕ್ಟರಮ್ಮಾ! ನನ್ನ ಬೆರಳು ಯಾಕೆ ಮಡಚ್ತಿಲ್ಲ ಅಂತ ನನ್ನನ್ನೇ ಕೇಳಿದ್ರೆ? ಹೊಲಿದೋರು ನೀವು. ಕೈ ಕೊಟ್ಟು ಮಲಗಿದ್ದೋನು ನಾನು. ಇಲ್ಲ, ಕೂತ್ಕೊಳ್ಳಲ್ಲ. ಅಂಗಡಿಲಿ ಬೆಳಗಿಂದ ಸಂಜೆ ತನಕ ನಿಂತೇ ಬಟ್ಟೆ ಕತ್ತರಿಸೋ ಮಾಸ್ಟರ್ ನಾನು, ಕಾಲು ನೋಯಲ್ಲ ನನಗೆ. ನೋಡಿ, ಕಟ್ಟು ಬಿಚ್ಚಿದ್ದೀರಲ್ಲ, ಕಣ್ಣು ಬಿಟ್ಟು ನೋಡಿ! ಮಿಕ್ಕ ಬೆರಳೆಲ್ಲ ಮಡಚ್ತವೆ, ನಡುವಿನದೊಂದು ನೆಟ್ಟಗೆ ನಿಂತಿರುತ್ತೆ. ದಾರಿಲಿ ಹೋಗೋರಿಗೆಲ್ಲ ಕೆಟ್ಟದಾಗಿ ಬೈದ ಹಾಗೆ! …ಯಾಕೆ ನಗ್ತೀರಿ? ನಗೋ ವಿಷಯನಾ ಇದು? ಬಸ್ಸಲ್ಲಿ ಒಬ್ಬ ಜಗಳಕ್ಕೇ ಬಂದ, ಗೊತ್ತಾ?

ಮೊದಲಿಂದ ಹೇಳ್ಬೇಕಾ? ಎಷ್ಟು ಸಲ ಹೇಳಿಸ್ತೀರಿ! ಗಾಜಿನ ಲೋಟ ತೊಳೀತಿದ್ದೆ. ಕೈಯಲ್ಲೇ ಒಡೀತು, ಬೆರಳಿನ ಬುಡ ಕೊಯ್ದುಹೋಯ್ತು. ನಾನು 'ನರ ತುಂಡಾಯ್ತು' ಅಂದೆ. ನೀವು 'ನರ ಅಲ್ಲ, ಬೆರಳನ್ನ ಎಳೆಯೋ ಹುರಿ' ಅಂತ ತಿದ್ದಿದ್ರಿ. ಕೊಳವೆ ಒಳಗೆ ಓಡಾಡುತ್ತೆ, ತುಂಡಾದ್ರೆ ಹಿಂದಕ್ಕೆ ಸರ್ಕೊಂಡು ಹೋಗುತ್ತೆ ಅಂದ್ರಿ. 'ಪೈಜಾಮದ ಲಾಡಿ ಥರನಾ?' ಅಂದೆ. 'ಹೂಂ, ಹಾಗೇ' ಅಂದ್ರಿ. ಅವತ್ತು ಎಷ್ಟು ಧೈರ್ಯ ಬಂತು ನನಗೆ! ಲಾಡಿ ತಾನೇ, ಹುಡುಕಿ ಎಳೆದು ಹೊಲಿದ್ರೆ ಮುಗೀತು ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೂರು ವಾರ! ನಿಮ್ಮ ಹೊಲಿಗೆ ಬಾಳಿದ್ದು ಬರೀ ಮೂರು ವಾರ, ಡಾಕ್ಟರಮ್ಮಾ. ನಾನು ಹೊಲಿದ ಪ್ಯಾಂಟನ್ನ ಅಪ್ಪ ಹಾಕಿ ಸವೆಸಿ, ಮಗನ ಅಳತೆಗೆ ಚಿಕ್ಕದು ಮಾಡಿಸ್ಕೊಂಡು ಹೋಗ್ತಾರೆ. ಆದ್ರೂ ಹೊಲಿಗೆ ಬಿಟ್ಟಿರಲ್ಲ! ನಿಮಗೆ ಮನೇಲಿ ಯಾರಾದ್ರೂ ಒಂದು ಗುಂಡಿ ಹಾಕೋದಾದ್ರೂ ಕಲಿಸಿದ್ರಾ? ನಿಮ್ಮಮ್ಮ… ಸರಿ, ಸರಿ. ನಿಮ್ಮ ತಾಯಿನ ಎಳೆದು ತರಲ್ಲ. ಕಣ್ಣು ಕೆಂಪು ಮಾಡ್ಬೇಡಿ.

ಪಟ್ಟಿನಾ? ಪಟ್ಟಿ ವಿಷಯ ಯಾಕೆ ಬಂತು ಈಗ? ಹಾಕ್ಕೊಂಡೇ ಇದ್ದೆ. ಮೊಣಕೈ ಹತ್ರದಿಂದ ಬೆರಳ ತುದಿ ತನಕ ಆ ಪ್ಲಾಸ್ಟಿಕ್ ಪಟ್ಟಿ, ಅದು ಜಾರದ ಹಾಗೆ ಮೇಲೊಂದು ಅಂಟುಪಟ್ಟಿ, ಆಮೆ ಚಿಪ್ಪು ಕಟ್ಕೊಂಡ ಹಾಗೆ. ಊಟ ಹೆಂಡ್ತಿ ತಿನ್ನಿಸಿದ್ಲು. ಅಂಗಿ ಗುಂಡಿ ಅವಳೇ ಹಾಕಿದ್ಲು. ಊರಿಗೆಲ್ಲ ಬಟ್ಟೆ ಹೊಲಿಯೋ ಗಂಡಸು, ತನ್ನ ಬಟ್ಟೆ ತಾನು ಹಾಕ್ಕೊಳ್ಳೋಕೆ 'ಬಾರೇ' ಅಂತ ಕೂಗ್ಬೇಕು! ಆದ್ರೂ ಸಹಿಸ್ಕೊಂಡೆ. ನಿಮ್ಮ ವ್ಯಾಯಾಮದ ಹುಡುಗಿ ಹೇಳಿದ ಹಾಗೆ ಎಡಗೈಯಲ್ಲಿ ಮೆಲ್ಲಗೆ ಮಡಚಿ, ಮೆಲ್ಲಗೆ ಬಿಡ್ತಿದ್ದೆ. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಬೆರಳು ಸತ್ತಿತ್ತು. ನಿದ್ದೇಲೇ ಆಗಿದ್ದು. …ಹಾಗೆ ನೋಡ್ಬೇಡಿ ನನ್ನನ್ನ. ನಿದ್ದೇಲಿ ಅಂದ್ನಲ್ಲ!

ಸ್ನಾನಕ್ಕೂ ಬಿಚ್ಚಿಲ್ಲ. ಪ್ಲಾಸ್ಟಿಕ್ ಚೀಲ ಕಟ್ಕೊಂಡು ಸ್ನಾನ ಮಾಡಿದೀನಿ, ನನ್ನ ಹೆಂಡ್ತಿನ ಕೇಳಿ. ಬೇಡ… ಅವಳನ್ನ ಕೇಳೋದು ಬೇಡ. ಅಂಗಡಿಗಾ? ಹೂಂ, ಹೋಗ್ತಿದ್ದೆ. ಹೋಗ್ಬೇಡಿ ಅಂತ ನೀವು ಹೇಳಿರ್ಲಿಲ್ಲವಲ್ಲ! ಸುಮ್ಮನೆ ಕೂರೋಕೆ ಹೋಗ್ತಿದ್ದೆ. ಅಲ್ಲಿ ನನ್ನ ಬಾಮೈದ ಇದ್ನಲ್ಲ, ಅವಳ ತಮ್ಮ. ಮೂಲೇಲಿ ಕೂತು ಕಾಜಾ ಗುಂಡಿ ಹಾಕ್ಕೊಂಡಿದ್ದೋನು. ನನ್ನ ಕೈಗೆ ಕಟ್ಟು ಬಿದ್ದದ್ದೇ ತಡ, ಕುತ್ತಿಗೆಗೆ ಟೇಪು ನೇತುಹಾಕ್ಕೊಂಡು ನನ್ನ ಮೇಜಿನ ಹಿಂದೆ ನಿಂತುಬಿಟ್ಟ! ಗಿರಾಕಿಗಳು ಬಂದು 'ಮಾಸ್ಟರ್' ಅಂದ್ರೆ ನಾನು ತಲೆ ಎತ್ತೋದು, ಅವರು ಕರೆದಿರೋದು ಅವನನ್ನ! ನಾನು ಸ್ಟೂಲ್ ಮೇಲೆ, ಗೋಡೆಗೆ ಹಾಕಿದ ಫೋಟೋ ಥರ. ಹೊಟ್ಟೆ ಉರಿಯಲ್ವಾ? ನೀವೇ ಹೇಳಿ. ನಿಮ್ಮ ಕುರ್ಚಿಲಿ ನಾಳೆ ನಿಮ್ಮ ಕಾಂಪೌಂಡರ್ ಕೂತ್ರೆ?

ಆಮೇಲೆ ಜಡ್ಜ್ ಸಾಹೇಬರ ಕೋಟಿನ ಬಟ್ಟೆ ಬಂತು. ಅವರ ಬಲಭುಜ ಒಂದು ಬೆರಳಿನಷ್ಟು ಇಳಿದಿದೆ. ಅದು ಗೊತ್ತಿರೋದು ನನಗೊಬ್ಬನಿಗೇ. ನಾನು ಹೊಲಿದ ಕೋಟಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಇವನು ಎರಡು ಭುಜಾನೂ ಸಮ ಮಾಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದ! ಎಳೆದು, ಕತ್ತರಿ ಎತ್ಕೊಂಡ! …ಆಮೇಲಾ? ಆಮೇಲೇನಿಲ್ಲ. ಬಾಯಲ್ಲಿ ಹೇಳಿದೆ, ತಿದ್ಕೊಂಡ. ಅಷ್ಟೆ. ನೀವ್ಯಾಕೆ ಪೆನ್ನು ಕೆಳಗಿಟ್ರಿ?

ಮಾತು ತಿರುಗಿಸ್ಬೇಡಿ. ನನ್ನ ಮೇಲೆ ಗೂಬೆ ಕೂರಿಸೋಕೆ ನೋಡ್ತಿದ್ದೀರಿ. ಹೊರಗೆ ಬೆಂಚಿನ ಮೇಲೆ ನನ್ನ ಹೆಂಡ್ತಿ ಕೂತಿದ್ದಾಳೆ, ಕೇಳಿಸ್ತಿದೆಯಾ? 'ಈ ಡಾಕ್ಟರಮ್ಮನಿಗೆ ಕೈ ಕೊಡ್ಬೇಡಿ' ಅಂತ ಬಂದೋರಿಗೆಲ್ಲ ಹೇಳ್ತಿದ್ದಾಳೆ. ಹೇಳ್ಲಿ! ಬೆರಳು ನಿಂತು ಹೋದ್ಮೇಲೆ ಮತ್ತೆ ಕೊಯ್ದ್ರಿ, ಒಳಗೆ ಇಣುಕಿದ್ರಿ, 'ಎರಡು ತುದಿ ಸೇರಲ್ಲ' ಅಂತ ಮುಚ್ಚಿ ಕಳಿಸಿದ್ರಿ. ಈಗ ಮಣಿಕಟ್ಟಿಂದ ಬೇರೆ ಹುರಿ ತೆಗೆದು ಇಲ್ಲಿಗೆ ಹಾಕ್ಬಹುದು ಅಂತೀರಿ. ತೇಪೆ! ನನಗೇ ತೇಪೆ ಹಾಕೋಕೆ ಬರ್ತೀರಾ? ಮೊದಲು ಒಪ್ಕೊಳ್ಳಿ, ನಿಮ್ಮ ದಾರ ಲಡ್ಡಾಗಿತ್ತು ಅಂತ. ಒಪ್ಕೊಳ್ಳಿ, ಆಮೇಲೆ ಮುಂದಿನ ಮಾತು!

ಏನದು? ಕಂಪ್ಯೂಟರ್ ಯಾಕೆ ಈ ಕಡೆ ತಿರುಗಿಸ್ತೀರಿ? ಎರಡನೇ ಸಲ ಕೊಯ್ದಾಗ ತೆಗೆದ ಫೋಟೋನಾ? ನನ್ನ ಕೈ ಒಳಗಿಂದು? ಥೂ, ಬೇಡಪ್ಪಾ… ಇರಿ, ಇರಿ, ತೆಗೀಬೇಡಿ! ಬೇರೆಯೋರಿಗೆ ತೋರಿಸಿ ಮೂಗಿಗೆ ತುಪ್ಪ ಸವರಿರಬಹುದು. ಹೊಲಿಗೆ ವಿಷಯದಲ್ಲಿ ನನ್ನ ಹತ್ರ ನಡೆಯಲ್ಲ. ದೊಡ್ಡದು ಮಾಡಿ. ಇನ್ನೂ. ಆ ನೀಲಿದು ನಿಮ್ಮ ದಾರನಾ? ಬನ್ನಿ ಈಗ, ಎಲ್ಲಿ ಬಿಟ್ಟಿದೆ ಅಂತ ನಾನೇ ತೋರಿಸ್ತೀನಿ…

…ಗಂಟು ಇದೆ.

ಗಂಟು ಬಿಚ್ಚಿಲ್ಲ. ದಾರ… ದಾರ ಎಲ್ಲೂ ತುಂಡಾಗಿಲ್ಲ. ಕುಣಿಕೆ ಕುಣಿಕೆ ಹಾಗೇ ಇದೆ. ಸುತ್ತ ಇರೋ ಹುರಿ ಮಾತ್ರ ಎಳೆ ಎಳೆಯಾಗಿ…

ದಾರ ಕೆಟ್ಟಿದ್ರೆ ದಾರ ಹೋಗುತ್ತೆ, ಬಟ್ಟೆ ಉಳಿಯುತ್ತೆ. ಜಗ್ಗಿದ್ರೇನೇ ಬಟ್ಟೆ ಹರಿದು ಹೊಲಿಗೆ ಉಳಿಯೋದು. ಹರಿದ ಪ್ಯಾಂಟು ತಂದು 'ನಿನ್ನ ಹೊಲಿಗೆ ಸರಿಯಿಲ್ಲ' ಅಂತ ಕೂಗಾಡೋರು ನನಗೂ ಸಿಕ್ತಾರೆ. ನಾನು ಎದುರು ಮಾತಾಡಲ್ಲ. ಪ್ಯಾಂಟನ್ನ ಬೆಳಕಿಗೆ ಹಿಡಿದು ತೋರಿಸಿ ಸುಮ್ಮನೆ ನಿಂತ್ಕೋತೀನಿ. ಅವರೇ ಹೇಳ್ಲಿ ಅಂತ. ಹೀಗೇ… ನೀವೀಗ ಕೂತಿದ್ದೀರಲ್ಲ, ಹೀಗೇ.

ಏನಾದ್ರೂ ಹೇಳಿ, ಡಾಕ್ಟರಮ್ಮಾ.

ಹೂಂ, ತೆಗೆದೆ! ಏನೀಗ? ತೆಗೆದೆ! ಆ ಅಂಟುಪಟ್ಟಿನ ಹಲ್ಲಲ್ಲಿ ಕಚ್ಚಿ ಪರ್ ಅಂತ ಕಿತ್ತೆ. ಅವನ ಕೈಯಿಂದ ಕತ್ತರಿ ಕಿತ್ಕೊಂಡೆ. ಕತ್ತರಿ ಬಾಯಿ ಬಟ್ಟೆ ಮೇಲೆ ತೆರೆದಿತ್ತು, ಕಣ್ಣು ಮುಚ್ಕೊಂಡು ಕೂತಿರ್ಬೇಕಿತ್ತಾ ನಾನು? ದಪ್ಪ ಉಣ್ಣೆ ಬಟ್ಟೆ, ಮಡಿಕೆ ಮಡಿಕೆ. ಭುಜದ ಗೆರೆ ನನ್ನ ಲೆಕ್ಕಕ್ಕೆ ಇಳಿಸಿದೆ. ತಿರುವು ಬಂತು, ಬಿಗಿಯಾಗಿ ಅದುಮಿದೆ… ಟಪ್ ಅಂತು. ಅಂಥಾ ನೋವೇನಿಲ್ಲ. ಬರೀ ಟಪ್. ಬಾಮೈದ ಕತ್ತರಿ ಸದ್ದು ಅಂದ್ಕೊಂಡ. ನನಗೆ ಗೊತ್ತಾಯ್ತು. ಗೊತ್ತಾದ್ರೂ ನಿಲ್ಲಿಸ್ಲಿಲ್ಲ. ಅವನೆದುರಿಗೆ ಅರ್ಧಕ್ಕೆ ಕತ್ತರಿ ಕೆಳಗಿಡ್ತೀನಾ ನಾನು? ಪೂರ್ತಿ ಕತ್ತರಿಸಿದೆ!

ಹೆಂಡ್ತಿ ಕೇಳಿದ್ಲು, ಪಟ್ಟಿ ಯಾಕೆ ಬಿಚ್ಚಿದ್ದು ಅಂತ. ಡಾಕ್ಟರಮ್ಮನೇ ಬಿಚ್ಚಬಹುದು ಅಂದಿದ್ರು ಅಂದೆ. ಅದಕ್ಕೇ ಅವಳು ಹೊರಗೆ ಹಾಗೆ ಕೂಗಾಡ್ತಿರೋದು.

ನೀವು ಈ ಫೋಟೋನ ಮೊದಲೇ ನೋಡಿದ್ರಿ. ಇಷ್ಟು ಹೊತ್ತು ಬೈಸ್ಕೊಂಡು ಕೂತಿದ್ರಿ. ಯಾಕೆ? ಒಂದು ಮಾತು ಮುಖಕ್ಕೆ ಹೊಡೆದ ಹಾಗೆ ಅಂದಿದ್ರೆ ನಾನಾದ್ರೂ ಬಾಯಿ ಮುಚ್ಕೋತಿದ್ದೆ. ಈಗ ಬೈಯಿರಿ. ಬೈಯಿರಿ ತಾಯಿ.

ಮಣಿಕಟ್ಟಿನ ಹುರಿ ಹಾಕಿದ್ರೆ ಮಡಚುತ್ತಾ? ಕತ್ತರಿ ಹಿಡೀಬಹುದಾ? …ಪೂರ್ತಿ ಅಲ್ಲದಿದ್ರೂ ಪರವಾಗಿಲ್ಲ. ಮತ್ತೆ ಪಟ್ಟಿ ಕಟ್ತೀರಿ ಅಲ್ವಾ? ತಿಂಗಳುಗಟ್ಟಲೆ. ಅಷ್ಟೂ ದಿನ ಅವನು ನನ್ನ ಮೇಜಿನ ಹಿಂದೆ, ಟೇಪು ಹಾಕ್ಕೊಂಡು… ಇಲ್ಲ, ಈ ಸಲ ಬಿಚ್ಚಲ್ಲ. ಆಣೆ ಮಾಡ್ತೀನಿ. ಏನು? ನಂಬಿಕೆ ಬರ್ತಿಲ್ವಾ?

ಬರಲ್ಲ. ನನಗೇ ಬರ್ತಿಲ್ಲ.

ಹಾಗಾದ್ರೆ ಒಂದು ಕೆಲಸ ಮಾಡಿ. ಹೊರಗಿಂದ ನನ್ನ ಹೆಂಡ್ತಿನ ಕರೆಸಿ, ಅವಳೆದುರಿಗೆ ಎಲ್ಲಾ ಹೇಳಿಬಿಡ್ತೀನಿ. ಆಪರೇಷನ್ ಆದ್ಮೇಲೆ ಆ ಅಂಟುಪಟ್ಟಿ ಮಾತ್ರ ಬೇಡ, ಅದು ಒಂದೇ ಕಚ್ಚಿಗೆ ಬರುತ್ತೆ. ಪ್ಲಾಸ್ಟಿಕ್ ಪಟ್ಟಿ ಮೇಲೆ ದಪ್ಪ ಬಟ್ಟೆ ಸುತ್ತಿ ಹೊಲಿದುಬಿಡಿ, ಡಾಕ್ಟರಮ್ಮಾ. ಒತ್ತೊತ್ತಾಗಿ, ನನ್ನ ಹಲ್ಲಿಗೆ ಸಿಗದ ಹಾಗೆ. ಬೇರೆ ಯಾರ ಕೈಯಲ್ಲೂ ಬೇಡ, ನೀವೇ ಹೊಲೀರಿ. ನಿಮ್ಮ ಹೊಲಿಗೆ ಬಿಡಲ್ಲ.